ಬ್ಯಾಕಪ್ ಇದೆ ಎನ್ನುವವರಿಗೆ ಇನ್ನೊಂದು ಪ್ರಶ್ನೆ

ನಮಸ್ಕಾರ. ಸರ್ವರ್ ನೋಡಿಕೊಳ್ಳುವ ಯಾರನ್ನಾದರೂ “ಬ್ಯಾಕಪ್ ಇದೆಯೇ?” ಎಂದು ಕೇಳಿ ನೋಡಿ, ಹೌದು ಎಂಬ ಉತ್ತರ ತಡವಿಲ್ಲದೆ ಬರುತ್ತದೆ. “ಅದನ್ನು ಕೊನೆಯ ಸಲ ರಿಸ್ಟೋರ್ ಮಾಡಿ, ಅಂದರೆ ಆ ಪ್ರತಿಯಿಂದ ಡೇಟಾವನ್ನು ಮರಳಿ ಪಡೆದು, ನೋಡಿದ್ದು ಯಾವಾಗ, ಎಷ್ಟು ಹೊತ್ತು ಹಿಡಿಯಿತು?” ಎಂದು ಕೇಳಿದಾಗ ಮಾತ್ರ ಎದುರಿಗಿರುವವರ ಕೈ ನೀರಿನ ಲೋಟದ ಕಡೆಗೆ ಹೋಗುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ರಿಸ್ಟೋರ್ ಮಾಡಿ ನೋಡಿದ ದಿನಾಂಕವಿಲ್ಲದ ಬ್ಯಾಕಪ್ಪನ್ನು ನಾವು ಲೆಕ್ಕಕ್ಕೆ ಹಿಡಿಯಲೇಬಾರದು. ಆ ಪರೀಕ್ಷೆಯನ್ನು ಬಿಡುವಾದಾಗ ಮಾಡೋಣ ಎಂದು ಮುಂದೂಡದೆ, ಸಂಬಳ ಬರುವ ದಿನದಷ್ಟೇ ಖಚಿತವಾಗಿ ತಿಂಗಳ ಕೆಲಸದಲ್ಲಿ ಸೇರಿಸಬೇಕು.

2017ರ ಜನವರಿ 31ರ ರಾತ್ರಿ, ಪ್ರೋಗ್ರಾಮರುಗಳು ತಮ್ಮ ಕೋಡ್ ಇಟ್ಟುಕೊಳ್ಳುವ ತಾಣವಾದ ಗಿಟ್‌ಲ್ಯಾಬ್ ಡಾಟ್ ಕಾಮ್‌ನಲ್ಲಿ ಏನಾಯಿತೆಂಬುದನ್ನು ಈ ವೃತ್ತಿಯಲ್ಲಿರುವ ಬಹಳ ಮಂದಿ ಕೇಳಿರುತ್ತಾರೆ. ಸ್ಪ್ಯಾಮಿನ ಹಾವಳಿಯಿಂದ ಡೇಟಾಬೇಸಿನ ಮೇಲೆ ಹೊರೆ ಹೆಚ್ಚಾಗಿ, ಎರಡನೆಯ ಸರ್ವರಿನ ರೆಪ್ಲಿಕೇಶನ್ (ಮುಖ್ಯ ಸರ್ವರಿನ ಡೇಟಾವನ್ನು ಆಗಿಂದಾಗ್ಗೆ ನಕಲು ಮಾಡಿಕೊಳ್ಳುವ ಕೆಲಸ) ಹಿಂದೆ ಬಿದ್ದು, ಕೊನೆಗೆ ನಿಂತೇಹೋಗಿತ್ತು. ಅದನ್ನು ಮತ್ತೆ ಮೊದಲಿನಿಂದ ಕಟ್ಟಲು ಗಂಟೆಗಟ್ಟಲೆ ಹೆಣಗಿದ ಎಂಜಿನಿಯರ್ ಒಬ್ಬರು, ಎರಡನೆಯ ಸರ್ವರಿನಲ್ಲಿದ್ದೇನೆ ಎಂದುಕೊಂಡು ಡೇಟಾ ಡೈರೆಕ್ಟರಿಯನ್ನು ಅಳಿಸುವ ಕಮಾಂಡನ್ನು ಮುಖ್ಯ ಸರ್ವರಿನಲ್ಲಿ ಓಡಿಸಿಬಿಟ್ಟರು. ಒಂದೆರಡು ಸೆಕೆಂಡಿನಲ್ಲಿ ತಪ್ಪು ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿ ಇದ್ದ ಡೇಟಾದಲ್ಲಿ ಉಳಿದದ್ದು 4.5 ಜಿಬಿ.

ಇದನ್ನು ಎಲ್ಲರೂ ಕೈತಪ್ಪಿನ ಪ್ರಸಂಗವಾಗಿ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ದಿನವಿಡೀ ದುಡಿದು ರಾತ್ರಿ ಹನ್ನೊಂದಕ್ಕೆ ಟರ್ಮಿನಲ್ ಮುಂದೆ ಕುಳಿತವರ ಕೈ ಒಂದಲ್ಲ ಒಂದು ದಿನ ತಪ್ಪಿಯೇ ತಪ್ಪುತ್ತದೆ, ಮತ್ತು ಆ ಸಂಸ್ಥೆ ತನ್ನ ಅಂತಿಮ ವರದಿಯಲ್ಲಿ ಅವರ ಹೆಸರು ಬರೆಯದೆ ಬಿಟ್ಟದ್ದು ಸರಿಯಾದ ನಡೆ. ನಿಜವಾದ ಸಮಾಚಾರ ಇರುವುದು ಮುಂದಿನ ಒಂದು ಗಂಟೆಯಲ್ಲಿ, ಒಂದೊಂದೇ ಬ್ಯಾಕಪ್ಪಿನ ಬಾಗಿಲು ತಟ್ಟುತ್ತಾ ಹೋದಾಗ. ಪ್ರತಿದಿನ ಡಂಪ್ ತೆಗೆದು, ಅಂದರೆ ಡೇಟಾಬೇಸನ್ನೆಲ್ಲ ಒಂದು ಕಡತಕ್ಕೆ ಬರೆದು, ಅಮೆಜಾನಿನ ಎಸ್3 ಬಕೆಟ್ ಎಂಬ ಆನ್‌ಲೈನ್ ಉಗ್ರಾಣಕ್ಕೆ ಕಳುಹಿಸುವ ವ್ಯವಸ್ಥೆ ಇತ್ತು. ಬಕೆಟ್ ತೆರೆದರೆ ಖಾಲಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ ತಂತ್ರಾಂಶದ 9.6ನೇ ಆವೃತ್ತಿಯಲ್ಲಿತ್ತು, ಡಂಪ್ ತೆಗೆಯುವ ಪ್ರೋಗ್ರಾಮು 9.2ರದ್ದಾಗಿತ್ತು, ಹಾಗಾಗಿ ಅದು ಪ್ರತಿಸಲವೂ ಎರರ್ ಕೊಟ್ಟು ನಿಲ್ಲುತ್ತಿತ್ತು. ಎರರ್ ಆದರೆ ಇಮೇಲ್ ಬರುವ ಏರ್ಪಾಡೂ ಇತ್ತು, ಆದರೆ ಆ ಇಮೇಲ್‌ಗಳಿಗೆ ಮೇಲ್ ನಿಜವಾದ ಕಳುಹಿಸುವವರದ್ದೇ ಎಂದು ಖಾತರಿಪಡಿಸುವ ಡಿಮಾರ್ಕ್ ನಿಯಮದ ಪ್ರಕಾರ ಸಹಿ ಇರಲಿಲ್ಲವಾದ್ದರಿಂದ ಸ್ವೀಕರಿಸುವ ಮೇಲ್ ಸರ್ವರು ಅವನ್ನು ಬಾಗಿಲಲ್ಲೇ ತಳ್ಳಿಹಾಕುತ್ತಿತ್ತು. ಮೈಕ್ರೋಸಾಫ್ಟಿನ ಅಜೂರ್ ಕ್ಲೌಡಿನ ಡಿಸ್ಕ್ ಸ್ನ್ಯಾಪ್‌ಶಾಟ್ (ಡಿಸ್ಕಿನ ಆ ಕ್ಷಣದ ಪ್ರತಿ) ಸೌಲಭ್ಯವನ್ನು ಡೇಟಾಬೇಸ್ ಸರ್ವರುಗಳಿಗೆ ಆನ್ ಮಾಡಿಯೇ ಇರಲಿಲ್ಲ.

ಕೊನೆಗೆ ಅವರನ್ನು ಉಳಿಸಿದ್ದು ಯಾವ ಯೋಜನೆಯೂ ಅಲ್ಲ. ಆ ಸಂಜೆ, ಬೇರೊಂದು ಪ್ರಯೋಗಕ್ಕಾಗಿ, ಸ್ಟೇಜಿಂಗ್ (ಪರೀಕ್ಷೆಗೆಂದು ಇಟ್ಟ) ಸರ್ವರಿಗೆಂದು ಕೈಯಿಂದ ತೆಗೆದಿದ್ದ ಒಂದು ಎಲ್‌ವಿಎಂ (ಲಿನಕ್ಸಿನ ಡಿಸ್ಕ್ ನಿರ್ವಹಣಾ ಸಾಧನ) ಸ್ನ್ಯಾಪ್‌ಶಾಟ್ ಸಿಕ್ಕಿತು. ಅದು ಸುಮಾರು ಆರು ಗಂಟೆ ಹಳೆಯದು. ನಿಧಾನದ ಡಿಸ್ಕುಗಳಿಂದ ಅದನ್ನು ನಕಲು ಮಾಡಿಕೊಳ್ಳುವುದಕ್ಕೇ ಸುಮಾರು 18 ಗಂಟೆ ಹಿಡಿಯಿತು, ಸಾವಿರಾರು ಮಂದಿ ಅದನ್ನು ಯೂಟ್ಯೂಬಿನಲ್ಲಿ ನೇರಪ್ರಸಾರವಾಗಿ ನೋಡುತ್ತಾ ಕುಳಿತಿದ್ದರು. ಕೋಡ್ ಇರುವ ಗಿಟ್ ರೆಪಾಸಿಟರಿಗಳಿಗೆ ಏನೂ ಆಗಲಿಲ್ಲ; ಆದರೆ ಸುಮಾರು 5,000 ಪ್ರಾಜೆಕ್ಟುಗಳ ಮಾಹಿತಿ, ಅಷ್ಟೇ ಸಂಖ್ಯೆಯ ಕಮೆಂಟುಗಳು, ಸುಮಾರು 700 ಹೊಸ ಬಳಕೆದಾರರ ಖಾತೆಗಳು ಹೋದವು. ಹಿಂದಿನ ಯಾವುದಾದರೂ ಒಂದು ವಾರದಲ್ಲಿ ಯಾರಾದರೂ ಒಬ್ಬರು ಆ ಬಕೆಟ್ಟಿನಿಂದ ಒಂದು ಡಂಪ್ ಇಳಿಸಿಕೊಳ್ಳಲು ಪ್ರಯತ್ನಿಸಿದ್ದರೆ, ಅದು ಖಾಲಿಯೆಂದು ಹತ್ತೇ ನಿಮಿಷದಲ್ಲಿ ತಿಳಿಯುತ್ತಿತ್ತು.

ಅವರನ್ನು ನೋಡಿ ನಗುವ ಹಕ್ಕು ನನಗಿಲ್ಲ. ನಾನು ನೋಡಿಕೊಳ್ಳುತ್ತಿದ್ದ ಒಂದು ಸಣ್ಣ ವೆಬ್ ಸೇವೆಯಲ್ಲಿ ರಾತ್ರಿ ಎರಡೂವರೆಗೆ ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಮೂಲಕ ಮೈಎಸ್‌ಕ್ಯೂಎಲ್ ಡೇಟಾಬೇಸಿನ ಡಂಪ್ ತೆಗೆದು, ಅದನ್ನು ಪೈಪ್ ಮಾಡಿ, ಅಂದರೆ ನೇರವಾಗಿ, ಕಡತ ಕುಗ್ಗಿಸುವ ಜಿಜಿಪ್‌ಗೆ ಕೊಡುವ ಒಂದು ಸಾಲಿನ ಸ್ಕ್ರಿಪ್ಟ್ ಇತ್ತು, ಬರೆದವನು ನಾನೇ. ಒಮ್ಮೆ ಡೇಟಾಬೇಸ್ ಪಾಸ್‌ವರ್ಡ್ ಬದಲಾಯಿಸಿದೆವು, ಸ್ಕ್ರಿಪ್ಟಿನಲ್ಲಿ ಬದಲಾಯಿಸಲು ಮರೆತೆವು. ಅಂದಿನಿಂದ ಡಂಪ್ ಪ್ರೋಗ್ರಾಮು ಲಾಗಿನ್ ಆಗಲಾರದೆ ಸುಮ್ಮನಾಯಿತು, ಜಿಜಿಪ್ ಮಾತ್ರ ತನಗೆ ಬಂದ ಶೂನ್ಯವನ್ನು ಶ್ರದ್ಧೆಯಿಂದ ಸಂಕುಚಿಸಿ ದಿನಕ್ಕೊಂದು ಕಡತ ಮಾಡಿಡುತ್ತಾ ಬಂತು. ಪೈಪಿನ ಎಡಗಡೆಯ ಕಮಾಂಡ್ ಸೋತರೂ ಬಲಗಡೆಯದು ಗೆದ್ದರೆ ಕಮಾಂಡ್ ಓಡಿಸುವ ಶೆಲ್ಲಿನ ಪಾಲಿಗೆ ಎಲ್ಲವೂ ಸುಸೂತ್ರ. ಪೈಪ್‌ಫೇಲ್ ಎಂಬ ಆಯ್ಕೆಯನ್ನು ಬರೆಯದಿದ್ದರೆ ಅದು ದೂರುವುದಿಲ್ಲ. ಎರರ್ ಸಂದೇಶವನ್ನು ಕ್ರಾನ್ ರೂಟ್ ಎಂಬ ಮುಖ್ಯ ಬಳಕೆದಾರನ ಅಂಚೆಪೆಟ್ಟಿಗೆಗೆ ಹಾಕುತ್ತಿತ್ತು, ಅದನ್ನು ನಾವು ಯಾರೂ ಒಂದು ದಿನವೂ ತೆರೆದವರಲ್ಲ. ಹೊಸ ಸ್ಟೇಜಿಂಗ್ ಯಂತ್ರ ಸಿದ್ಧಪಡಿಸುವಾಗ ಡೈರೆಕ್ಟರಿಯ ಪಟ್ಟಿ ನೋಡಿದರೆ ಸಾಲಾಗಿ ಹದಿನಾಲ್ಕು ಕಡತಗಳು, ಪ್ರತಿಯೊಂದರ ಗಾತ್ರ 20 ಬೈಟ್. ಏನೂ ಇಲ್ಲದ್ದನ್ನು ಜಿಜಿಪ್ ಮಾಡಿದರೆ ಸಿಗುವ ಗಾತ್ರ ಅಷ್ಟೇ. ಹದಿನಾಲ್ಕು ದಿನಕ್ಕಿಂತ ಹಳೆಯದನ್ನು ಅಳಿಸುವ ಸಾಲು ಕೂಡ ಅದೇ ಸ್ಕ್ರಿಪ್ಟಿನಲ್ಲಿತ್ತು, ಅದು ಮಾತ್ರ ನಿಷ್ಠೆಯಿಂದ ಕೆಲಸ ಮಾಡಿ ಕೊನೆಯ ಒಳ್ಳೆಯ ಪ್ರತಿಯನ್ನೂ ಅಳಿಸಿ ಮುಗಿಸಿತ್ತು. ಆ ದಿನಗಳಲ್ಲಿ ಡಿಸ್ಕ್ ಕೆಡಲಿಲ್ಲ ಎಂಬುದು ನಮ್ಮ ಪುಣ್ಯವೇ ಹೊರತು ನಮ್ಮ ಜಾಣತನವಲ್ಲ.

ಹಾಗಾದರೆ ಕಡತದ ಗಾತ್ರ ನೋಡಿದರೆ ಸಾಕಲ್ಲವೇ, ಸಾಲುಗಳನ್ನು ಎಣಿಸಿದರೆ ಸಾಕಲ್ಲವೇ ಎನ್ನಬಹುದು. ಸಾಲದು. ಅದರಲ್ಲೂ ಕನ್ನಡದ ಸೈಟುಗಳನ್ನು ನಡೆಸುವವರಿಗೆ ಸಾಲದೇ ಸಾಲದು. ಹಳೆಯ ಮೈಎಸ್‌ಕ್ಯೂಎಲ್ ಸ್ಥಾಪನೆಗಳಲ್ಲಿ ಟೇಬಲ್ ಲ್ಯಾಟಿನ್-1 (ಯುರೋಪಿನ ಅಕ್ಷರಗಳ ಹಳೆಯ ಸಂಕೇತಕ್ರಮ) ಎಂದು ಘೋಷಿತವಾಗಿದ್ದು, ಅಪ್ಲಿಕೇಶನ್ ಅದರೊಳಕ್ಕೆ ಯುಟಿಎಫ್-8 (ಎಲ್ಲ ಲಿಪಿಗಳಿಗೂ ಆಗುವ ಸಂಕೇತಕ್ರಮ) ಬೈಟುಗಳನ್ನು ತುಂಬಿ, ಅದೇ ದಾರಿಯಲ್ಲಿ ಹೊರತೆಗೆದು ತೋರಿಸುತ್ತಾ ಬಂದಿರುವುದು ತೀರಾ ಸಾಮಾನ್ಯ. ಹೋಗುವಾಗ ಆದ ತಪ್ಪು ಬರುವಾಗ ತಾನೇ ಸರಿಹೋಗುವುದರಿಂದ ವರ್ಷಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ. ಡಂಪನ್ನು ಹೊಸ ಸರ್ವರಿಗೆ ತುಂಬಿ, ಅಲ್ಲಿನ ಸಂಪರ್ಕ ಯುಟಿಎಫ್8ಎಂಬಿ4 (ಮೈಎಸ್‌ಕ್ಯೂಎಲ್‌ನ ಪೂರ್ಣ ಯುಟಿಎಫ್-8) ಆಗಿದ್ದರೆ, ಗುಟ್ಟು ರಟ್ಟಾಗುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಯೂನಿಕೋಡ್ ಸಂಕೇತವೂ (ಅಕ್ಷರವಾಗಲಿ, ಕಾಗುಣಿತದ ಗುರುತಾಗಲಿ) ಮೂರು ಬೈಟು. ಮೊದಲ ಬೈಟು ಲ್ಯಾಟಿನ್-1ರಲ್ಲಿ ತಲೆಯ ಮೇಲೆ ಓರೆಗೀಟಿರುವ ರೋಮನ್ ‘ಎ’ ಆಗಿ, ಎರಡನೆಯದು ಮೇಲಕ್ಕೇರಿದ ಪುಟ್ಟ ಎರಡರ ಅಥವಾ ಮೂರರ ಅಂಕಿಯಾಗಿ ಕಾಣುತ್ತದೆ. ಲೇಖನದ ತುಂಬ ಅದೇ ಗೀಟು, ಅದೇ ಅಂಕಿ. ಸಾಲುಗಳ ಎಣಿಕೆ ತಾಳೆಯಾಗಿರುತ್ತದೆ, ಗಾತ್ರವೂ ಅನುಮಾನ ಹುಟ್ಟಿಸುವುದಿಲ್ಲ, ಓದಲು ಮಾತ್ರ ಒಂದು ಪದವೂ ಇರುವುದಿಲ್ಲ. ಅದೃಷ್ಟವಿದ್ದರೆ ಇದನ್ನು ಹಿಂತಿರುಗಿಸಬಹುದು. ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿದಿದ್ದರೆ ಅದೂ ಇಲ್ಲ. ಆದ್ದರಿಂದ ರಿಸ್ಟೋರ್ ಪರೀಕ್ಷೆ ಎಂದರೆ ಮರಳಿ ಪಡೆದ ಪ್ರತಿಯ ಮೇಲೆ ಅಪ್ಲಿಕೇಶನ್ ಓಡಿಸಿ, ಒಂದು ಹಳೆಯ ಪುಟ ತೆರೆದು, ಮನುಷ್ಯರೊಬ್ಬರು ಅದರ ಒಂದು ಪ್ಯಾರಾ ಓದಬೇಕು ಎಂದು ನಾನು ಹಟ ಹಿಡಿಯುತ್ತೇನೆ.

ಪ್ರತಿ ಎಲ್ಲಿದೆ ಎಂಬ ಪ್ರಶ್ನೆಯನ್ನು ಹೆಚ್ಚು ಬೆಳೆಸುವುದಿಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿನ ಒಂದು ಕಟ್ಟಡ ಸುಟ್ಟುಹೋದಾಗ, ಸರ್ವರನ್ನೂ ಅದರ ಬ್ಯಾಕಪ್ಪನ್ನೂ ಒಂದೇ ಜಾಗದಲ್ಲಿ ಇಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಖರ್ಚಿನದ್ದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ತಿಂಗಳಿಗೆ ಕೆಲವು ಗಂಟೆ ಒಂದು ಯಂತ್ರವನ್ನು ಬಾಡಿಗೆಗೆ ಪಡೆದು ಮರಳಿಸುವುದು ಇಂದು ದೊಡ್ಡ ವೆಚ್ಚವಲ್ಲ. ಗ್ರಾಹಕರ ಖಾಸಗಿ ಮಾಹಿತಿ ಇನ್ನೊಂದು ಯಂತ್ರಕ್ಕೆ ಹೋಗುತ್ತದೆ ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು. ಆ ಯಂತ್ರಕ್ಕೂ ಪ್ರೊಡಕ್ಷನ್ನಿನಷ್ಟೇ (ನಿಜವಾದ ಸೇವೆ ಓಡುವ ಯಂತ್ರದಷ್ಟೇ) ಕಾವಲು ಬೇಕು, ಕೆಲಸ ಮುಗಿದ ಕೂಡಲೇ ಅದನ್ನು ಅಳಿಸಬೇಕು. ಜೊತೆಗೆ ಹೊರಹೋಗುವ ಮೇಲ್ ಮತ್ತು ಎಸ್‌ಎಂಎಸ್ ದಾರಿಗಳನ್ನು ಮೊದಲೇ ಮುಚ್ಚಿರಬೇಕು. ಇದನ್ನು ಹೇಳಲು ಕಾರಣವಿದೆ: ಜೀವ ಪಡೆದ ಹಳೆಯ ಪ್ರತಿಯು ತನ್ನ ಕೆಲಸದ ಸರದಿಯನ್ನು ತಾನೇ ಆರಂಭಿಸಿ, ಹಣ ಕಟ್ಟಿ ಮುಗಿಸಿದವರಿಗೆ ಬೆಳಗಿನ ಜಾವ ಬಾಕಿಯ ನೆನಪೋಲೆ ಕಳುಹಿಸಿದ್ದನ್ನು ನಾನು ಕಂಡಿದ್ದೇನೆ, ಆ ದಿನದ ಫೋನ್ ಕರೆಗಳನ್ನೂ ತೆಗೆದುಕೊಂಡಿದ್ದೇನೆ.

ಮಲೆನಾಡಿನಲ್ಲಿ ಮಳೆ ಹಿಡಿಯುವ ಮುಂಚೆ ಮಾಡಿನ ಹಂಚನ್ನು ಕೈಯಾಡಿಸುತ್ತಾರೆ, ಹನಿ ಬಿದ್ದ ಮೇಲೆ ಏಣಿ ಹುಡುಕುವುದಿಲ್ಲ. ನಮ್ಮ ತಂಡದಲ್ಲಿ ಈಗ ತಿಂಗಳ ಮೊದಲ ಮಂಗಳವಾರ ಒಬ್ಬರು, ಪ್ರತಿಸಲ ಬೇರೆಯವರು, ಬರೆದಿಟ್ಟ ಟಿಪ್ಪಣಿಯನ್ನಷ್ಟೇ ನೋಡಿಕೊಂಡು, ಬ್ಯಾಕಪ್ ವ್ಯವಸ್ಥೆ ಕಟ್ಟಿದವರನ್ನು ಏನೂ ಕೇಳದೆ, ಬರಿಯ ಯಂತ್ರದಿಂದ ಸೈಟನ್ನು ಎಬ್ಬಿಸಬೇಕು. ಅದಕ್ಕೊಂದು ನೋಟ್‌ಬುಕ್ ಇಟ್ಟಿದ್ದೇವೆ. ಮೊದಲ ಸಲದ ನಮೂದಿನಲ್ಲಿ ಏಳು ಗಂಟೆ ಇಪ್ಪತ್ತು ನಿಮಿಷ ಎಂದಿದೆ, ಬ್ಯಾಕಪ್ಪಿನ ಗೂಢಲಿಪಿ ಬಿಡಿಸುವ ಕೀಲಿ ಅದೇ ಸತ್ತ ಸರ್ವರಿನೊಳಗೇ ಇತ್ತು ಎಂಬ ಷರಾ ಸಹಿತ. ಕಳೆದ ತಿಂಗಳ ನಮೂದಿನಲ್ಲಿ ಒಂದು ಗಂಟೆ ಐವತ್ತು ನಿಮಿಷ ಎಂದಿದೆ, ಕೆಳಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಅಕ್ಷರದಲ್ಲಿ: “ಅಪ್‌ಲೋಡ್ಸ್ ಫೋಲ್ಡರ್ ಬ್ಯಾಕಪ್ಪಿನಲ್ಲಿ ಇಲ್ಲ. ಯಾರಿಗಾದರೂ ಗೊತ್ತಿತ್ತೇ?”