ಒಳಲೆ ಹಿಡಿದು ಒಡಿಶಾಕ್ಕೆ

ನಮಸ್ಕಾರ. ಕುಮಟಾದಿಂದ ಮಾತಾಡುತ್ತಿದ್ದೇನೆ.

ಈಗ ನಿಮಗೆ ಕಾಣುತ್ತಿರುವುದು ನಮ್ಮ ಅತ್ತೆಯ ಕೈ. ಅದರಲ್ಲಿರುವುದು ಒಳಲೆ. ಬೆಳ್ಳಿಯದು. ಒಂದು ಕಡೆ ಉದ್ದ ಮೂತಿ, ಇನ್ನೊಂದು ಕಡೆ ಹೆಬ್ಬೆರಳು ಕೂರುವಷ್ಟು ಒಂದು ನೆಗ್ಗು. ನಮ್ಮ ಮನೆಯವರು ಮಗುವಾಗಿದ್ದಾಗ ಹಾಲು ಕುಡಿದದ್ದು ಇದರಲ್ಲೇ. ಮಗಳಿಗೂ ಇದರಲ್ಲೇ ಔಷಧಿ ಕುಡಿಸಿದ್ದು. ಆಮೇಲೆ ಎಷ್ಟೋ ವರ್ಷ ಪೆಟ್ಟಿಗೆಯಲ್ಲಿ ಹಳೇ ಸೀರೆಯ ಮಡಿಕೆಯೊಳಗೆ ಸುಮ್ನೆ ಬಿದ್ದಿತ್ತು. 2024ರ ಫೆಬ್ರವರಿಯಲ್ಲಿ ಅತ್ತೆ ಅದನ್ನು ಹೊರಗೆ ತೆಗೆದು, ವಿಭೂತಿ ಹಾಕಿ ತಿಕ್ಕಿ, ಬಿಸಿನೀರಲ್ಲಿ ಕುದಿಸಿ, ನನ್ನ ಕೈಚೀಲದಲ್ಲಿಟ್ಟರು.

ನಾವು ದತ್ತು ತೆಗೆದುಕೊಳ್ಳುತ್ತಿದ್ದ ಮಗನನ್ನು ಕರೆದುಕೊಂಡು ಬರಲು ಒಡಿಶಾಕ್ಕೆ ಹೊರಟಿದ್ದೆವು.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಈ ವಿಡಿಯೋದಲ್ಲಿ ಮಗನ ಮುಖ ಕಾಣುವುದಿಲ್ಲ. ಹೆಸರು ಹೇಳುವುದಿಲ್ಲ, ಮಾಣಿ ಅಂತಲೇ ಕರೆಯುತ್ತೇನೆ. ಅವನಿದ್ದ ಸಂಸ್ಥೆ ಯಾವುದು, ಯಾವ ಜಿಲ್ಲೆಯದು ಅಂತಲೂ ಹೇಳುವುದಿಲ್ಲ. ಇಂಥ ಮಕ್ಕಳ ಗುರುತು ಬಯಲು ಮಾಡಬಾರದು ಅಂತ ಕಾನೂನೇ ಇದೆ. ಕಾನೂನು ಇಲ್ಲದಿದ್ದರೂ ನಾನು ತೋರಿಸುತ್ತಿರಲಿಲ್ಲ. ಅವನು ಹುಟ್ಟಿದ ಕಥೆ ಅವನದು. ದೊಡ್ಡವನಾದ ಮೇಲೆ ಬೇಕಾದವರಿಗೆ ಅವನೇ ಹೇಳಲಿ. ನಾನು ಹೇಳುವುದು ನಮ್ಮ ಪಾಲಿನದಷ್ಟೇ.

ಮಗಳು ಹುಟ್ಟಿದ ಮೇಲೆ ಇನ್ನೊಂದು ಬಸಿರು ಬೇಡ ಅಂತ ಡಾಕ್ಟರು ಹೇಳಿದ್ದರು. ಎರಡನೆಯ ಮಗುವನ್ನು ದತ್ತು ತೆಗೆದುಕೊಳ್ಳುವುದು ಅಂತ ಆಗಲೇ ಗಟ್ಟಿ ಮಾಡಿಕೊಂಡಿದ್ದೆವು. ದತ್ತು ಕೆಲಸ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಪ್ರಾಧಿಕಾರ 'ಕಾರಾ'. ಅದರ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿದೆವು. ಕೆಲವರು ನನ್ನನ್ನು ಕೇಳುತ್ತಾರೆ, ಗೊತ್ತಿರುವ ಆಸ್ಪತ್ರೆಯಿಂದ ನೇರವಾಗಿ ಮಗು ತೆಗೆದುಕೊಳ್ಳಬಹುದಲ್ವಾ ಅಂತ. ಖಂಡಿತ ಬೇಡ. ಅದು ಅಪರಾಧ. ನಾಳೆ ಆ ಮಗುವಿಗೇ ತೊಂದರೆ. ಸರಿಯಾದ ದಾರಿ ಇದು.

ಸಮಾಜ ಕಾರ್ಯಕರ್ತೆಯೊಬ್ಬರು ಮನೆಗೆ ಬಂದರು. ಅಡುಗೆಮನೆ ನೋಡಿದರು, ಬಾವಿಕಟ್ಟೆ ಎಷ್ಟು ಎತ್ತರ ಇದೆ ನೋಡಿದರು, ಆದಾಯ ಕೇಳಿದರು. ಮಗಳನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಮಾತಾಡಿಸಿದರು. ತಮ್ಮ ಬಂದರೆ ನಿನ್ನ ಕೋಣೆ ಕೊಡುತ್ತೀಯಾ ಅಂತ ಕೇಳಿದರಂತೆ. "ಕೋಣೆ ಕೊಡ್ತೆ, ಪೆನ್ಸಿಲ್ ಡಬ್ಬಿ ಕೊಡ್ತಿಲ್ಲೆ" ಅಂದಳಂತೆ ಇವಳು.

ಅರ್ಜಿಯಲ್ಲಿ ಒಂದು ಪ್ರಶ್ನೆ ಇರುತ್ತದೆ. ವಿಶೇಷ ಅಗತ್ಯದ ಮಗುವಾದರೆ ನಿಮಗೆ ಒಪ್ಪಿಗೆಯೇ? ಆ ಒಂದು ಪ್ರಶ್ನೆಯ ಮುಂದೆ ನಾವು ಬಹಳ ದಿನ ಕೂತೆವು. ಆರೋಗ್ಯವಾಗಿರುವ ಪುಟ್ಟ ಮಗುವಿಗಾಗಿ ಮೂರು ವರ್ಷಕ್ಕಿಂತ ಜಾಸ್ತಿ ಕಾಯುತ್ತಿರುವ ದಂಪತಿಗಳಿದ್ದಾರೆ. ಅದೇ ಪಟ್ಟಿಯ ಇನ್ನೊಂದು ಬದಿಯಲ್ಲಿ ಹೃದಯದಲ್ಲಿ ತೂತು ಇರುವ, ಕಿವಿ ಕೇಳದ, ಕಾಲು ತಿರುಚಿರುವ ಮಕ್ಕಳು ಕಾಯುತ್ತಿರುತ್ತಾರೆ. ಅವರಿಗೆ ಬರುವವರು ಕಡಿಮೆ. ನಾವು ಅಳೆದೂ ಸುರಿದೂ ಕೊನೆಗೆ ಹೂಂ ಅಂದೆವು.

ಮಾಣಿಯ ವರದಿ ಬಂತು. ಒಂದು ವರ್ಷದ ಗಂಡು ಮಗು. ಸೀಳುತುಟಿ, ಸೀಳು ಅಂಗುಳ. ತುಟಿಗೆ ಐದು ತಿಂಗಳಿದ್ದಾಗ ಹೊಲಿಗೆ ಹಾಕಿದ್ದಾರೆ. ಅಂಗುಳ ಇನ್ನೂ ತೆರೆದೇ ಇದೆ. ತೂಕ 6 ಕೆಜಿ 400 ಗ್ರಾಂ. ರಕ್ತ ಕಡಿಮೆ. ಫೋಟೋದಲ್ಲಿ ಅವನು ಕ್ಯಾಮೆರಾ ನೋಡುತ್ತಿರಲಿಲ್ಲ. ಪಕ್ಕದಲ್ಲಿ ಯಾರದೋ ಬಳೆ ತೊಟ್ಟ ಕೈ ಇತ್ತು, ಅದನ್ನು ನೋಡುತ್ತಿದ್ದ.

ವರದಿಯನ್ನು ನಮಗೆ ಬೇಕಾದ ಡಾಕ್ಟರಿಗೆ ತೋರಿಸಿ ಕೇಳಲು ಅವಕಾಶ ಇದೆ. ನಮ್ಮ ಮಕ್ಕಳ ಡಾಕ್ಟರು ಎರಡು ಸಲ ಓದಿದರು. "ಇದು ಸರಿ ಮಾಡಬಹುದಾದದ್ದು. ಆದರೆ ಒಂದು ಆಪರೇಷನ್ನಿಗೆ ಮುಗಿಯುವುದಲ್ಲ. ಕಿವಿ ನೋಡಬೇಕು, ಮಾತು ನೋಡಬೇಕು, ಎಂಟೊಂಬತ್ತು ವರ್ಷಕ್ಕೆ ಒಸಡಿನ ಎಲುಬು ನೋಡಬೇಕು. ಅವನು ದೊಡ್ಡವನಾಗುವ ತನಕ ಬೆನ್ನು ಹತ್ತಿರಬೇಕು. ತಯಾರಿದ್ದೀರಾ?" ಅಂದರು. ನಮ್ಮ ಮನೆಯವರು "ಮಗಳಿಗೂ ದೊಡ್ಡವಳಾಗುವ ತನಕ ಬೆನ್ನು ಹತ್ತೇ ಇರಬೇಕಲ್ಲ ಡಾಕ್ಟ್ರೇ" ಅಂದರು. ಅಲ್ಲಿಗೆ ಆಯಿತು.

ಊರಲ್ಲಿ ಸುದ್ದಿ ಹಬ್ಬಿತು. ಆ ಮಗುವಿನ ತಾಯಿ ಗ್ರಹಣದ ದಿನ ಏನೋ ಕತ್ತರಿಸಿರಬೇಕು ಅಂತ ಒಬ್ಬರು ಹೇಳಿದರು. ಈ ಮಾತು ನನಗೆ ಇವತ್ತಿಗೂ ಸಹಿಸಲು ಆಗುವುದಿಲ್ಲ. ಹೊಟ್ಟೆಯೊಳಗೆ ಮಗುವಿನ ತುಟಿ ಕೂಡಿಕೊಳ್ಳುವುದು ನಾಲ್ಕರಿಂದ ಏಳನೆಯ ವಾರದೊಳಗೆ. ಅಂಗುಳ ಕೂಡುವುದು ಆರರಿಂದ ಒಂಬತ್ತನೆಯ ವಾರದೊಳಗೆ. ಎಷ್ಟೋ ಹೆಂಗಸರಿಗೆ ಬಸಿರಾಗಿದ್ದು ಗೊತ್ತಾಗುವ ಹೊತ್ತಿಗೇ ತುಟಿಯ ಕೆಲಸ ಮುಗಿದಿರುತ್ತದೆ. ಸುಮಾರು 700 ಮಕ್ಕಳಲ್ಲಿ ಒಂದು ಮಗು ಹೀಗೆ ಹುಟ್ಟುತ್ತದೆ. ವಂಶದಿಂದ ಬರಬಹುದು, ಕೆಲವು ಔಷಧಿಗಳಿಂದ ಬರಬಹುದು, ಕಾರಣವೇ ತಿಳಿಯದೆಯೂ ಇರಬಹುದು. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಎಲ್ಲೋ ಇರುವ ಆ ತಾಯಿಯ ಮೇಲೆ ದಯವಿಟ್ಟು ಈ ತಪ್ಪು ಹೊರಿಸಬೇಡಿ.

ಇದು ಹುಬ್ಬಳ್ಳಿ ಸ್ಟೇಷನ್. ಅಂಕೋಲಾ ಮೇಲೆ ಅರಬೈಲು ಘಾಟಿ ಹತ್ತಿ, ಯಲ್ಲಾಪುರ ದಾಟಿ ಬಂದೆವು. ಇಲ್ಲಿಂದ ಅಮರಾವತಿ ಎಕ್ಸ್‌ಪ್ರೆಸ್. ಬಳ್ಳಾರಿ, ಗುಂತಕಲ್, ವಿಜಯವಾಡ, ವಿಶಾಖಪಟ್ಟಣ. ಒಂದು ದಿನಕ್ಕಿಂತ ಜಾಸ್ತಿ ಪ್ರಯಾಣ. ಮಗಳು ಕಿಟಕಿ ಬಿಟ್ಟು ಏಳಲಿಲ್ಲ. ನಾನು ನಿದ್ದೆ ಮಾಡಲಿಲ್ಲ.

ಸಂಸ್ಥೆಯಲ್ಲಿ ನಮಗಿಂತ ಮೊದಲೇ ಇನ್ನೊಂದು ಜೋಡಿ ಕೂತಿತ್ತು. ಇಟಲಿಯವರು. ನಾಲ್ಕು ವರ್ಷದ ಹುಡುಗಿಯೊಬ್ಬಳನ್ನು ಕರೆದೊಯ್ಯಲು ಬಂದಿದ್ದರು. ಅವಳಿಗೆ ಹೃದಯದ ತೊಂದರೆ. ಬೇರೆ ದೇಶಕ್ಕೆ ಮಗು ಹೋಗಬೇಕಾದರೆ ಕಾರಾದಿಂದ ನಿರಾಕ್ಷೇಪಣಾ ಪತ್ರ ಬೇಕು, ಮಗುವಿಗೆ ಪಾಸ್‌ಪೋರ್ಟ್ ಬೇಕು, ವೀಸಾ ಬೇಕು. ಅದೆಲ್ಲ ಮುಗಿಸಿಕೊಂಡು ಬಂದಿದ್ದರು. ಆಕೆಯ ಕೈಯಲ್ಲಿ ಒಂದು ಚಿಕ್ಕ ನೋಟ್‌ಬುಕ್. ನೀರು, ಹಸಿವು, ನೋವು, ಅಮ್ಮ ಎಂಬ ಮಾತುಗಳಿಗೆ ಒಡಿಯಾದಲ್ಲಿ ಏನನ್ನುತ್ತಾರೆ ಅಂತ ಬರೆದುಕೊಂಡಿದ್ದರು. ನಮ್ಮ ನೆಂಟರು "ಒಡಿಶಾ ಅಂದ್ರೆ ಎಷ್ಟು ದೂರ ಮಾರಾಯ್ತಿ" ಅಂದಿದ್ದು ನೆನಪಾಗಿ ನನಗೆ ನಾಚಿಕೆಯಾಯಿತು. ಇಂಥ ಎಷ್ಟೋ ಮಕ್ಕಳು ಸಮುದ್ರ ದಾಟಿಯೇ ಮನೆ ಸೇರುತ್ತಾರೆ. ಆ ಮನೆಗಳು ಒಳ್ಳೆಯವೇ. ಆದರೆ ಅವಳ ಭಾಷೆ ಆಡುವ, ಅವಳ ಅನ್ನ ಉಣ್ಣುವ ಒಂದೇ ಒಂದು ಮನೆ ಇಲ್ಲಿ ಯಾಕೆ ಮುಂದೆ ಬರಲಿಲ್ಲ? ನಾನು ಕೋಪದಿಂದ ಕೇಳುತ್ತಿಲ್ಲ. ಸಂಕಟದಿಂದ ಕೇಳುತ್ತಿದ್ದೇನೆ.

ಮಾಣಿಯನ್ನು ಎತ್ತಿಕೊಂಡು ಬಂದವರು ಅಲ್ಲಿಯ ಆಯಾ. ಎಲ್ಲರೂ ಮೌಸಿ ಅನ್ನುತ್ತಾರೆ. ಫೋಟೋದಲ್ಲಿದ್ದ ಬಳೆಗಳು ಅವರದೇ. ನಾನು ಕೈ ಚಾಚಿದೆ. ಅವನು ಬರಲಿಲ್ಲ. ಬರಬೇಕು ಅಂತಲೂ ಇಲ್ಲ ಅಲ್ವಾ? ಅವನಿಗೆ ಅಮ್ಮ ಅಂದರೆ ಅವರೇ.

ಮೌಸಿ ಹಾಲಿನ ಲೋಟ ತಂದರು. ನಾನು ಚೀಲದಿಂದ ಒಳಲೆ ತೆಗೆದೆ. ಅವರ ಮುಖ ಅರಳಿತು. ತಮ್ಮ ಸೆರಗಿನ ಗಂಟಿನಿಂದ ಒಂದು ಸ್ಟೀಲಿನ ಒಳಲೆ ತೆಗೆದು ತೋರಿಸಿದರು. ಅಂಥದ್ದೇ. ಅಂಗುಳ ತೆರೆದಿರುವ ಮಗುವಿಗೆ ಬಾಯೊಳಗೆ ಗಾಳಿ ಹಿಡಿದು ಹೀರಲು ಆಗುವುದಿಲ್ಲ. ಮೊಲೆ ಕಚ್ಚುತ್ತದೆ, ಹಾಲು ಬರುವುದಿಲ್ಲ. ಅಂಥ ಮಕ್ಕಳಿಗೆ ಇಂಥ ಮೂತಿಯ ಚಮಚದಲ್ಲೇ ಕುಡಿಸಿ ಅಂತ ಡಾಕ್ಟರುಗಳೂ ಹೇಳುತ್ತಾರೆ. ಮೌಸಿ ನನಗೆ ಕಲಿಸಿದರು. ಮಗುವನ್ನು ಮಲಗಿಸಬಾರದು, ನೆಟ್ಟಗೆ ಕೂರಿಸಿಕೊಳ್ಳಬೇಕು. ಒಳಲೆಯ ಮೂತಿಯನ್ನು ನಡುವೆ ಇಡಬಾರದು, ಕೆನ್ನೆಯ ಬದಿಗೆ ಇಡಬೇಕು. ಒಂದು ಗುಟುಕು ಬಿಡಬೇಕು. ಗಂಟಲು ಆಡುವುದನ್ನು ನೋಡಬೇಕು. ಆಮೇಲೆ ಇನ್ನೊಂದು ಗುಟುಕು. ನಡುನಡುವೆ ಹೆಗಲಿಗೆ ಹಾಕಿ ತೇಗಿಸಬೇಕು. ಅರ್ಧ ಲೋಟಕ್ಕೆ ಮುಕ್ಕಾಲು ತಾಸು ಹಿಡಿಯಿತು. ನನಗೆ ಒಡಿಯಾ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ಇಷ್ಟೂ ಪಾಠ ಕೈಯಲ್ಲೇ ನಡೆಯಿತು.

ನಾಲ್ಕು ದಿನ ಹೋಗಿ ಬಂದು ಮಾಡಿದೆವು. ನಾಲ್ಕನೆಯ ದಿನ ಅವನು ನನ್ನ ತೊಡೆಯ ಮೇಲೆ ಕೂತು ಪೂರ್ತಿ ಕುಡಿದ. ಮೌಸಿ ಅವನ ಹಣೆಗೆ ಮುತ್ತಿಟ್ಟು "ಮೋ ಧನ" ಅಂದರು. ನನ್ನ ಧನ. ಆ ಶಬ್ದ ನಮ್ಮಲ್ಲೂ ಇದೆ. ಅರ್ಥ ಯಾರೂ ಹೇಳಬೇಕಾಗಲಿಲ್ಲ. ಅವರು ಆಮೇಲೆ ಒಳಗೆ ಹೋದವರು ಹೊರಗೆ ಬರಲಿಲ್ಲ.

ವಾಪಸ್ ಬರುವಾಗ ಬೆಂಗಳೂರಿನ ತನಕ ವಿಮಾನ, ಅಲ್ಲಿಂದ ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್. ರೈಲಿನ ಅಲುಗಾಟಕ್ಕೆ ನನ್ನ ಕೈ ತಪ್ಪಿತು. ಹಾಲು ಜಾಸ್ತಿ ಹೋಯಿತು. ಮೂಗಿನಿಂದ ಹಾಲು ಬಂತು, ಕೆಮ್ಮು ಹಿಡಿಯಿತು, ಮುಖ ಕೆಂಪಾಯಿತು. ಎದುರಿನ ಸೀಟಿನವರು ದೀಪ ಹಾಕಿದರು. ನಾನು ಅವನನ್ನು ಮುಂದಕ್ಕೆ ಬಗ್ಗಿಸಿ ಹಿಡಿದು ಬೆನ್ನು ತಟ್ಟಿದೆ. ಒಂದು ನಿಮಿಷವೂ ಇರಲಿಕ್ಕಿಲ್ಲ. ಆದರೆ ಆ ರಾತ್ರಿ ಇಡೀ ನನ್ನ ಕೈ ನಡುಗುತ್ತಿತ್ತು. ಇವನನ್ನು ನಾನು ಸಾಕಬಲ್ಲೆನಾ ಅಂತ ಮೊದಲ ಸಲ ಅನ್ನಿಸಿತು. ಇದನ್ನು ಮುಚ್ಚಿಡುವುದಿಲ್ಲ. ದತ್ತು ತೆಗೆದುಕೊಂಡ ಎಷ್ಟೋ ತಾಯಂದಿರಿಗೆ ಹೀಗೆ ಅನ್ನಿಸುತ್ತದೆ, ಹೇಳಿಕೊಳ್ಳಲು ಹೆದರುತ್ತಾರೆ.

ಬೆಳಿಗ್ಗೆ ಕುಮಟಾ ಸ್ಟೇಷನ್. ಅತ್ತೆ ಮನೆಬಾಗಿಲಲ್ಲಿ ಆರತಿ ಎತ್ತಿದರು. ಅವನನ್ನು ಎತ್ತಿಕೊಂಡು ಒಳಗೆ ಹೋಗಿ, ಕಾಲು ಚಾಚಿ ಕೂತು, ಒಳಲೆ ಕೇಳಿದರು. ನಾನು ರೈಲಿನದ್ದು ಹೇಳಿದೆ. "ಅಡ್ಡಿಲ್ಲೆ ತಂಗಿ, ಕುಡಿತ ಅಂವ" ಅಂದರು. ಕುಡಿದ.

ಆಮೇಲಿನ ತಿಂಗಳುಗಳು ಬರೀ ತೂಕದ ಲೆಕ್ಕ. ಅಂಗುಳದ ಆಪರೇಷನ್ ಸಾಮಾನ್ಯವಾಗಿ ಒಂಬತ್ತರಿಂದ ಹದಿನೆಂಟು ತಿಂಗಳೊಳಗೆ ಮಾಡುತ್ತಾರೆ. ತಡವಾದರೆ ಮಾತಿಗೆ ತೊಂದರೆ. ಆದರೆ ತೂಕ ಮತ್ತು ರಕ್ತ ಸರಿಯಿಲ್ಲದೆ ಅರಿವಳಿಕೆ ಕೊಡುವುದಿಲ್ಲ. ಅತ್ತೆ ರಾಗಿ ಮಣ್ಣಿ ಮಾಡಿದರು, ಬಾಳೆಕಾಯಿ ಹಿಟ್ಟಿನ ಮಣ್ಣಿ ಮಾಡಿದರು, ಗಂಜಿಗೆ ತುಪ್ಪ ಹಾಕಿ ಅರೆದರು. ಡಾಕ್ಟರು ಕಬ್ಬಿಣಾಂಶದ ಔಷಧಿ ಕೊಟ್ಟರು. ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ತೂಕ ಬರೆದಳು. ಇದೋ ನೋಡಿ, ಅವಳ ಪೆನ್ಸಿಲ್ಲಿನದ್ದೇ. 6.7. 7.1. 7.1. ಆ ತಿಂಗಳು ಕಿವಿ ಸೋರಿತ್ತು, ಜ್ವರ ಇತ್ತು. 7.8. 8.4.

ಈ ನಡುವೆ ದತ್ತು ಆದೇಶ ಬಂತು. ಮೊದಲೆಲ್ಲ ಇದು ಕೋರ್ಟಿನಲ್ಲಿ ಆಗುತ್ತಿತ್ತು. 2022ರ ಸೆಪ್ಟೆಂಬರಿನಿಂದ ಜಿಲ್ಲಾಧಿಕಾರಿಯೇ ಆದೇಶ ಕೊಡುತ್ತಾರೆ. ಜನನ ಪ್ರಮಾಣಪತ್ರದಲ್ಲಿ ನಮ್ಮಿಬ್ಬರ ಹೆಸರು ಬಂತು. ಎರಡು ವರ್ಷದ ತನಕ ಆರು ತಿಂಗಳಿಗೊಮ್ಮೆ ಮಗು ಹೇಗಿದೆ ಅಂತ ನೋಡಲು ಬರುತ್ತಾರೆ. ಬರಲಿ. ನೋಡಲೇಬೇಕಾದ್ದು.

ಆಪರೇಷನ್ನಿಗೆ ದಿನ ಗೊತ್ತಾಗಿದ್ದು ಧಾರವಾಡದಲ್ಲಿ, 2024ರ ಜುಲೈ ಕೊನೆಯ ವಾರ. ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಜನ ಸತ್ತರು. ಹೆದ್ದಾರಿ ಬಂದ್ ಆಯಿತು. ಆ ಮನೆಗಳ ದುಃಖದ ಮುಂದೆ ನಮ್ಮ ದಾರಿಯ ಕಷ್ಟ ಏನೂ ಅಲ್ಲ. ಆದರೂ ಹೋಗಲೇಬೇಕಿತ್ತು. ಹೊನ್ನಾವರಕ್ಕೆ ಇಳಿದು, ಗೇರುಸೊಪ್ಪ ಘಾಟಿ ಹತ್ತಿ, ಮಾವಿನಗುಂಡಿ, ಸಿದ್ದಾಪುರ, ಶಿರಸಿ ಸುತ್ತಿ ಹೋದೆವು. ಸುರಿಯುವ ಮಳೆ, ಹಿಂದಿನ ಸೀಟಿನಲ್ಲಿ ಹಸಿದ ಮಗು. ನಮ್ಮ ಜಿಲ್ಲೆಯವರಿಗೆ ಇದು ಹೊಸದಲ್ಲ. ಸ್ವಲ್ಪ ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಎಷ್ಟು ವರ್ಷದಿಂದ ಕೂಗುತ್ತಿದ್ದಾರೆ. ಆ ದಾರಿಯಲ್ಲಿ ಮಗುವನ್ನು ತೊಡೆಯಲ್ಲಿಟ್ಟುಕೊಂಡು ಕೂತಾಗ ಆ ಕೂಗು ಯಾಕೆ ಅಂತ ತಿಳಿಯುತ್ತದೆ.

ಆಪರೇಷನ್ ಆಯಿತು. ಚೆನ್ನಾಗಿ ಆಯಿತು. ಕೈ ಬಾಯಿಗೆ ಹೋಗದಿರಲಿ ಅಂತ ಎರಡೂ ಮೊಣಕೈಗೆ ಮಡಚಲಾಗದ ಪಟ್ಟಿ ಕಟ್ಟಿದ್ದರು. ಅವನಿಗೆ ಸಿಟ್ಟೋ ಸಿಟ್ಟು. ಕೆಲವು ವಾರ ತೆಳ್ಳನೆಯ ಆಹಾರ, ಮತ್ತೆ ಅದೇ ಒಳಲೆ.

ದುಡ್ಡಿನ ಬಗ್ಗೆ ಕೇಳುವವರಿಗೆ ಹೇಳುತ್ತೇನೆ. ಸ್ಮೈಲ್ ಟ್ರೈನ್ ಎಂಬ ಸಂಸ್ಥೆಯ ನೆರವಿನಿಂದ ಹಲವು ಆಸ್ಪತ್ರೆಗಳಲ್ಲಿ ಸೀಳುತುಟಿ, ಸೀಳು ಅಂಗುಳದ ಆಪರೇಷನ್ ಉಚಿತವಾಗಿ ಆಗುತ್ತದೆ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಇಂಥ ಮಗು ಇದ್ದರೆ ಮುಚ್ಚಿಡಬೇಡಿ. ವಿಚಾರಿಸಿ.

ಇನ್ನೊಂದು ವಿನಂತಿ. ಮನೆಗೆ ಬಂದವರು "ದೊಡ್ಡ ಪುಣ್ಯದ ಕೆಲಸ ಮಾಡಿದ್ರಿ" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ, ಗೊತ್ತು. ಆದರೆ ಅವನಿಗೆ ಈಗ ಮಾತು ಅರ್ಥವಾಗುತ್ತದೆ. ಅಕ್ಕನನ್ನು ಹೆತ್ತದ್ದಕ್ಕೆ ಯಾರೂ ನನಗೆ ಪುಣ್ಯ ಬರುತ್ತದೆ ಅನ್ನಲಿಲ್ಲ. ಅವನ ಎದುರಿಗೂ ಅನ್ನಬೇಡಿ.

ಈಗ ಮಾತಿನ ವಿಷಯ. ಅಂಗುಳ ತೆರೆದಿದ್ದಾಗ ಗಾಳಿ ಎಲ್ಲ ಮೂಗಿಗೆ ಹೋಗುತ್ತದೆ. ಮ ಬರುತ್ತದೆ, ನ ಬರುತ್ತದೆ. ಪ, ಬ, ಕ, ಗ ಬರುವುದಿಲ್ಲ. ಆದ್ದರಿಂದ ಮಾಣಿ ನನ್ನನ್ನೂ ಅಮ್ಮ ಅನ್ನುತ್ತಿದ್ದ, ಅಪ್ಪನನ್ನೂ ಅಮ್ಮ ಅನ್ನುತ್ತಿದ್ದ. ಅಪ್ಪ ಅನ್ನಲು ಹೋದರೆ ಅದೇ ಬರುತ್ತಿತ್ತು. ನಮ್ಮ ಮನೆಯವರು ಪ್ರತಿ ಸಲವೂ "ಓ" ಅನ್ನುತ್ತಿದ್ದರು.

ಆಪರೇಷನ್ ಆದ ಕೂಡಲೇ ಎಲ್ಲ ಸರಿಹೋಗುವುದಿಲ್ಲ. ನಾಲಿಗೆಗೆ, ಅಂಗುಳಕ್ಕೆ ಹೊಸದಾಗಿ ಕಲಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಅಲ್ಲಿ ಥೆರಪಿಸ್ಟ್ ತೆಳ್ಳನೆಯ ಕಾಗದದ ಒಂದು ಪಟ್ಟಿಯನ್ನು ತಮ್ಮ ಬಾಯಿ ಮುಂದೆ ಹಿಡಿದು "ಪ" ಅಂದರು. ಕಾಗದ ಹಾರಿತು. ಅವನ ಬಾಯಿ ಮುಂದೆ ಹಿಡಿದರು. ಅಲ್ಲಾಡಲಿಲ್ಲ. ಮನೆಯಲ್ಲಿ ದಿನಾ ಹತ್ತು ನಿಮಿಷ ಆಟದ ಹಾಗೆ ಮಾಡಿ ಅಂದರು. ಆ ಕೆಲಸ ಮಗಳು ವಹಿಸಿಕೊಂಡಳು. ಕಾಗದದ ಪಟ್ಟಿಗಳನ್ನು ಕತ್ತರಿಸಿ ತನ್ನ ಪೆನ್ಸಿಲ್ ಡಬ್ಬಿಯಲ್ಲಿಟ್ಟಿದ್ದಾಳೆ. ಸಂಜೆ ಶಾಲೆಯಿಂದ ಬಂದು ಕೈಕಾಲು ತೊಳೆದು, ಜಗಲಿಯಲ್ಲಿ ಇಬ್ಬರೂ ಎದುರುಬದುರು ಕೂರುತ್ತಾರೆ. ತಿಂಗಳುಗಟ್ಟಲೆ ಆ ಕಾಗದ ನೇತಾಡಿಕೊಂಡೇ ಇತ್ತು.

ಮುಂದಿನದು ಹೋದ ವಾರ ಜಗಲಿಯಲ್ಲಿ ತೆಗೆದದ್ದು. ಚಿತ್ರದಲ್ಲಿ ಕಾಣುವುದು ಮಗಳ ಬೆರಳು ಮತ್ತು ಕಾಗದ ಮಾತ್ರ. ಅವನ ಅಪ್ಪ ಆಗ ಅಂಗಳದಲ್ಲಿ ಗಾಡಿ ನಿಲ್ಲಿಸುತ್ತಿದ್ದರು. ನಾನು ಇಲ್ಲಿ ಮಾತು ನಿಲ್ಲಿಸುತ್ತೇನೆ, ಹಿನ್ನೆಲೆ ಸಂಗೀತವನ್ನೂ ತೆಗೆಯುತ್ತೇನೆ. ಧ್ವನಿ ಸ್ವಲ್ಪ ಜಾಸ್ತಿ ಮಾಡಿಕೊಂಡು ಕೇಳಿ.