ಸೊಲಗಿ ಎಣ್ಣೆಯ ಲೆಕ್ಕ

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆ ಅಲ್ವಾ?

ಈ ಸಂಜೆ ನನಗೆ ಮಾತಾಡಲು ಬಿಡಿ ಅಂತ ನಾನೇ ಗಂಟು ಬಿದ್ದು ಕೇಳಿಕೊಂಡೆ. ಅದಕ್ಕೊಂದು ಕಾರಣವಿದೆ. ಹೋದ ತಿಂಗಳು ಇಲ್ಲೇ ಪುಣೆಯ ಪೇಟೆಯ ಕಡೆ ಒಂದು ಹಳೆಯ ವಾಡೆ ಕೆಡವಿದರು. ಅಟ್ಟದ ಮೇಲೆ ಕಾಗದದ ಗಂಟುಗಳಿವೆ ಅಂತ ಯಾರೋ ಫೋನ್ ಮಾಡಿ ಹೇಳಿದರು. ನಾನು ಓಡಿಹೋಗುವಷ್ಟರಲ್ಲಿ ರದ್ದಿಯವನ ಟೆಂಪೊ ಹೊರಟುಹೋಗಿತ್ತು. ಮೆಟ್ಟಿಲ ಮೇಲೆ ಒಂದೇ ಒಂದು ಹಾಳೆ ಬಿದ್ದಿತ್ತು. ಮೋಡಿ ಅಕ್ಷರ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿ. ಯಾವುದೋ ದೇವಸ್ಥಾನದ ಜಮಾ-ಖರ್ಚು. ಹೂವಿಗೆ ಇಷ್ಟು, ಎಣ್ಣೆಗೆ ಇಷ್ಟು, ಪೂಜೆಯ ಗುರವನಿಗೆ ಇಷ್ಟು. ಯಾವ ದೇವಸ್ಥಾನ ಅನ್ನುವುದು ಮೊದಲ ಹಾಳೆಯಲ್ಲಿರುತ್ತದೆ. ಆ ಹಾಳೆ ಕಿಲೋ ಲೆಕ್ಕದಲ್ಲಿ ಹೋಗಿಬಿಟ್ಟಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಊರಲ್ಲಿ ಕೌನ್ಸಿಲ್ ಹಾಲ್ ಹತ್ತಿರ ಒಂದು ಕಲ್ಲಿನ ಕಟ್ಟಡವಿದೆ. ನಿಮ್ಮಲ್ಲಿ ಎಷ್ಟೋ ಜನ ದಿನಾ ಅದರ ಮುಂದೆಯೇ ಆಫೀಸಿಗೆ ಹೋಗುತ್ತೀರಿ. 1891ರಲ್ಲಿ ಕಟ್ಟಿದ್ದು. ಪೇಶ್ವೆ ದಫ್ತರ, ಅಂದರೆ ಮರಾಠಾ ರಾಜ್ಯ ನಡೆಸುತ್ತಿದ್ದ ಪೇಶ್ವೆಯವರ ಕಚೇರಿಯ ಕಾಗದಗಳು, ಇರುವುದು ಅಲ್ಲಿ. ಸಾವಿರಾರು ರುಮಾಲುಗಳು ಕಪಾಟಿನಲ್ಲಿ ಸಾಲಾಗಿ ಕೂತಿವೆ. ರುಮಾಲು ಅಂದರೆ ನಮಗೆ ತಲೆಗೆ ಸುತ್ತುವ ಪಟಗಾ. ಅಲ್ಲಿ ಅದು ಕಾಗದದ ಕಟ್ಟು. ಕಾಗದವನ್ನು ಚೌಕದ ಬಟ್ಟೆಯಲ್ಲಿಟ್ಟು ನಾಲ್ಕು ಮೂಲೆ ಸೇರಿಸಿ ಬಿಗಿಯಾಗಿ ಗಂಟು ಹಾಕುತ್ತಾರೆ. ಗಂಟು ಬಿಚ್ಚಿದಾಗ ಮೊದಲು ಮೂಗಿಗೆ ಬರುವುದು ಧೂಳು, ಆಮೇಲೆ ಒಂದು ಥರದ ಹಳೆ ಗೋಣಿಚೀಲದ ವಾಸನೆ. ಶಾಯಿ ಮಾತ್ರ ನಿನ್ನೆ ಬರೆದ ಹಾಗೆ ಕಪ್ಪಗಿರುತ್ತದೆ.

ಆ ರುಮಾಲುಗಳಲ್ಲಿ ಯುದ್ಧ, ರಾಜಕಾರಣ ಎಲ್ಲ ಇವೆ. ಇತಿಹಾಸಕಾರ ಗೋವಿಂದ ಸಖಾರಾಮ ಸರದೇಸಾಯಿಯವರು 1930ರಿಂದ 34ರ ತನಕ ಅದರಿಂದ ಆರಿಸಿ 45 ಸಂಪುಟ ತಂದರು. ಅಷ್ಟು ತಂದರೂ ಸಮುದ್ರದಿಂದ ಕೊಡ ತುಂಬಿದ ಹಾಗೆಯೇ. ನನ್ನ ಕಣ್ಣು ಮಾತ್ರ ಯಾವಾಗಲೂ ಹೋಗುವುದು ದೇವರ ದುಡ್ಡಿನ ಕಡೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ನೋಡಿದವನು ನಾನು. ಕಿರ್ದಿ ಕಂಡರೆ ಕೈ ತಾನಾಗಿಯೇ ಹೋಗುತ್ತದೆ. ದಿನದ ಲೆಕ್ಕಕ್ಕೆ ಪೇಶ್ವೆಯವರ ಕಾರಕೂನರೂ ರೋಜಕೀರ್ದ ಅಂತಲೇ ಅನ್ನುತ್ತಿದ್ದರು. ನಮ್ಮ ಹುಬ್ಬಳ್ಳಿ ಪೇಟೆಯ ಕಿರ್ದಿ-ಖತಾವಣಿ ಮತ್ತು ಅದು ಒಂದೇ ಮನೆಯ ಮಕ್ಕಳು.

ನಾನು ಹೇಳಬೇಕಾದ ಮುಖ್ಯ ಮಾತು ಇದು. ನಾವು ಕನ್ನಡಿಗರು ಶಾಸನಕ್ಕೆ ಕೈ ಮುಗಿಯುವ ಜನ. ಯಾವ ರಾಜ ಯಾವ ಗುಡಿಗೆ ಎಷ್ಟು ಮತ್ತರು ಭೂಮಿ ಬಿಟ್ಟ ಅಂತ ಹೆಮ್ಮೆಯಿಂದ ಹೇಳುತ್ತೇವೆ. ದೇವರ ಪೂಜೆಗೆ ಅಂಗಭೋಗ, ಹಾಡು-ಕುಣಿತಕ್ಕೆ ರಂಗಭೋಗ, ಗುಡಿಯ ರಿಪೇರಿಗೆ ಖಂಡಸ್ಫುಟಿತ ಜೀರ್ಣೋದ್ಧಾರ, ಎಲ್ಲ ಬಾಯಿಗೆ ಬರುತ್ತದೆ. ಕೊನೆಯ ಶಾಪವೂ ಗೊತ್ತು. ಇದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾನೆ! ಆದರೆ ಕೊಟ್ಟ ಮೇಲೆ ಏನಾಯಿತು? ಆ ಭೂಮಿ ಉತ್ತವರು ಯಾರು? ಬರಗಾಲ ಬಂದ ವರ್ಷ ದೀಪ ಉರಿಯಿತೋ ಇಲ್ಲವೋ? ಕಲ್ಲು ಇದನ್ನು ಹೇಳುವುದಿಲ್ಲ. ಕಾಗದ ಹೇಳುತ್ತದೆ. ಕೊಟ್ಟವನ ಹೆಸರು ಶಾಸನದಲ್ಲಿ, ಅದರಿಂದ ಬದುಕಿದವರ ಹೆಸರು ಲೆಕ್ಕದಲ್ಲಿ.

ಇಲ್ಲಿ ಒಂದು ಕತೆ ಹೇಳಲೇಬೇಕು. ಕೆಲವರು ಮೊದಲೇ ಕೇಳಿದ್ದೀರಿ, ಇನ್ನೊಮ್ಮೆ ಕೇಳಿ.

ನಮ್ಮ ಊರು ಸವದತ್ತಿ ಕಡೆ. ಹಿಂದೆ ನಮ್ಮ ಮನೆಯಲ್ಲಿ ಕುಲಕರ್ಣಿಕೆ, ಅಂದರೆ ಊರಿನ ಲೆಕ್ಕ ಬರೆಯುವ ಕೆಲಸ, ಇತ್ತು. ದೇವರ ಮನೆಯ ಮೇಲಿನ ಗೂಡಿನಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿದ ಒಂದು ಕಾಗದವಿತ್ತು. ಖಂಡೆ ಪೂಜೆಯ ದಿನ ಅಜ್ಜಿ ಅದನ್ನು ಇಳಿಸಿ, ಅರಿಶಿನ-ಕುಂಕುಮ ಹಚ್ಚಿ, ಮತ್ತೆ ಮೇಲಿಡುತ್ತಿದ್ದಳು. ನಾವು ಹುಡುಗರು ಹತ್ತಿರ ಹೋದರೆ, "ಮುಟ್ಟಬ್ಯಾಡ್ರೋ, ಅದು ದೇವ್ರ ಕಾಗದ" ಅನ್ನುತ್ತಿದ್ದಳು. ಮಂತ್ರ ಅಂತ ಕೆಲವರು, ಸ್ವಾಮಿಗಳು ಕೊಟ್ಟ ಅಪ್ಪಣೆ ಅಂತ ಕೆಲವರು. ಓದಲು ಮಾತ್ರ ಯಾರಿಗೂ ಬರುತ್ತಿರಲಿಲ್ಲ. ಅಜ್ಜಿ ಹೋದಳು. ಮನೆ ಪಾಲಾಯಿತು. ಪಾಲಿನಲ್ಲಿ ಆ ಕಾಗದ ಯಾರಿಗೂ ಬೇಡವಾಯಿತು, ನನಗೆ ಬಂತು. ಪುಣೆಗೆ ತಂದು ಗೋದ್ರೆಜ್ ಕಪಾಟಿನಲ್ಲಿಟ್ಟೆ.

ರಿಟೈರ್ ಆದ ಮೇಲೆ ಮೋಡಿ ಕ್ಲಾಸಿಗೆ ಸೇರಿದೆ. ಮೋಡಿ ಕಷ್ಟ, ಸುಳ್ಳು ಹೇಳುವುದಿಲ್ಲ. ಮೊದಲು ಹಾಳೆಯ ಉದ್ದಕ್ಕೂ ಮೇಲಿನ ಗೆರೆ ಎಳೆದುಬಿಡುತ್ತಾರೆ. ಆಮೇಲೆ ಬೋರು, ಅಂದರೆ ಲಾಳದಕಡ್ಡಿಯ ಲೇಖನಿ, ಎತ್ತದೆ ಬರೆಯುತ್ತಾ ಹೋಗುತ್ತಾರೆ. ಶಬ್ದ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು, ಗೊತ್ತಾಗುವುದಿಲ್ಲ. ಹ್ರಸ್ವ-ದೀರ್ಘ ನೋಡುವ ಗೋಜೇ ಇಲ್ಲ. ಆರು ತಿಂಗಳಾದ ಮೇಲೆ ಧೈರ್ಯ ಮಾಡಿ ಅಜ್ಜಿಯ ಕಾಗದ ಕ್ಲಾಸಿಗೆ ತೆಗೆದುಕೊಂಡು ಹೋದೆ. ಗುರುಗಳು ಮರಾಠಿಯವರು, ನಲವತ್ತು ವರ್ಷ ಮೋಡಿ ಓದಿದ ಕಣ್ಣು. ಒಂದು ನಿಮಿಷದಲ್ಲಿ ಹೇಳಿದರು, "ಇದು ನಂದಾದೀಪದ ಲೆಕ್ಕ. ಎಣ್ಣೆಯ ಖರ್ಚು." ಆಮೇಲೆ ಒಂದು ಕಡೆ ನಿಂತರು. "ಇಲ್ಲಿ ಸೊಲಗಿ ಅಂತ ಯಾರೋ ಒಬ್ಬ ಇದ್ದಾನೆ. ಪ್ರತಿ ಸಾಲಿನಲ್ಲೂ ಬರುತ್ತಾನೆ. ನಿಮ್ಮ ಕಡೆಯ ಅಡ್ಡಹೆಸರು ಇರಬೇಕು, ಎಣ್ಣೆ ಕೊಡುತ್ತಿದ್ದವನು."

ಹಾಲಿನಲ್ಲಿ ನಗು ಬಂತು, ನೋಡಿ! ಗದಗ, ಬಾಗಲಕೋಟೆ, ವಿಜಯಪುರದವರು ನಕ್ಕಿರಿ. ನಿಮಗೆ ಗೊತ್ತು, ಸೊಲಗಿ ಅಳತೆ. ನಮ್ಮ ಅಡುಗೆಮನೆಯಲ್ಲಿ ಸೇರು, ಅಚ್ಚೇರಿನ ಜೊತೆ ಸೊಲಗಿಯೂ ಇರುತ್ತಿತ್ತು. ನಾನು ಆಗ ಗುರುಗಳ ಮುಂದೆ ನಗಲಿಲ್ಲ. ಗಂಟಲು ಕಟ್ಟಿತ್ತು. ಅಜ್ಜಿ ಅದೇ ಸೊಲಗಿಯಿಂದ ಗಾಣಿಗರ ಎಣ್ಣೆ ಅಳೆದು ಹಾಕಿಸಿಕೊಳ್ಳುತ್ತಿದ್ದಳು. ಕೈಯಲ್ಲಿ ಸೊಲಗಿ ಹಿಡಿದೇ ಬದುಕಿದವಳು ಜೀವನಪೂರ್ತಿ ಸೊಲಗಿಯ ಲೆಕ್ಕಕ್ಕೆ ಕುಂಕುಮ ಹಚ್ಚಿದಳು. ಎಂಟುನೂರು ವರ್ಷ ಹಿಂದಿನ ನಮ್ಮ ಶಾಸನಗಳಲ್ಲೂ ನಂದಾದೀವಿಗೆಗೆ ಗಾಣದಿಂದ ಸೊಲ್ಲಗೆ ಎಣ್ಣೆ ಅಂತ ಬರುತ್ತದೆ. ಅದೇ ಶಬ್ದ, ಅದೇ ದೀಪ. ಕಲ್ಲಿನಿಂದ ಕಾಗದಕ್ಕೆ ಇಳಿದಿದೆ, ಅಷ್ಟೇ.

ಗುರುಗಳು ದೊಡ್ಡವರು. ವಿಷಯ ತಿಳಿದ ಕೂಡಲೇ ಪೆನ್ಸಿಲ್ ತೆಗೆದು ತಮ್ಮ ಪಟ್ಟಿಯಲ್ಲಿ ಬರೆದುಕೊಂಡರು. "ಇಂಥ ಎಷ್ಟು ಸೊಲಗಿಗಳನ್ನು ನಾವು ಮನುಷ್ಯರು ಮಾಡಿದ್ದೇವೋ" ಅಂದರು. ಅದಕ್ಕೇ ಹೇಳುತ್ತಿದ್ದೇನೆ, ಈ ದಫ್ತರಕ್ಕೆ ಕನ್ನಡದವರು ಬೇಕು. ಮರಾಠಿ ಬಂದರೆ ಅರ್ಧ ಓದಬಹುದು. ಉಳಿದರ್ಧಕ್ಕೆ ಸೊಲಗಿ ಗೊತ್ತಿದ್ದವರೇ ಬೇಕು. ಪುಣೆಯಲ್ಲಿ ಎರಡೂ ಗೊತ್ತಿರುವವರು ಯಾರು? ನಾವೇ ಅಲ್ವಾ?

ಇನ್ನೊಂದು ಚಂದದ ವಿಷಯ, ತಾರೀಖು. ದೇವರ ಲೆಕ್ಕ ಶ್ರೀ ಅಂತ ಶುರುವಾಗುತ್ತದೆ. ಅದರ ಕೆಳಗೆ ವರ್ಷ ಮಾತ್ರ ಅರಬ್ಬಿಯಲ್ಲಿ. "ಸಲಾಸ ಸಬೈನ ಮಯಾ ವ ಅಲಫ." ಮೂರು, ಎಪ್ಪತ್ತು, ನೂರು, ಸಾವಿರ. ಅಂದರೆ 1173. ಇದು ಶುಹೂರ ಸನ. ಅದಕ್ಕೆ 599 ಸೇರಿಸಿ, 1772 ಬರುತ್ತದೆ. ಆ ವರ್ಷ ಶುರುವಾಗುವುದು ಯಾವಾಗ? ಸೂರ್ಯ ಮೃಗಶಿರಕ್ಕೆ ಬಂದಾಗ, ಜೂನ್ ಮೊದಲ ವಾರದಲ್ಲಿ. ನಮ್ಮ ರೈತರ ಮಿರಗ! ಸುಲ್ತಾನರ ಕಾಲದಿಂದ ಬಂದ ವರ್ಷ, ಅರಬ್ಬಿ ಅಂಕಿ, ಮಿರಗದ ಮಳೆ, ಮೇಲೆ ಶ್ರೀ. ಬರೆದ ಗುಮಾಸ್ತನಿಗೆ ಇದರಲ್ಲಿ ಯಾವುದೂ ಪರಕೀಯ ಅನ್ನಿಸಲಿಲ್ಲ. ಹಿಂದಿನ ಸುಲ್ತಾನರು ದರ್ಗಾಗಳಿಗೆ ಬಿಟ್ಟ ಇನಾಮುಗಳನ್ನು ಪೇಶ್ವೆಯವರು ಮುಂದುವರಿಸಿದ ಕಾಗದಗಳೂ ಇದೇ ರುಮಾಲುಗಳಲ್ಲಿವೆ. ಇಲ್ಲೇ ನಾನಾ ಪೇಟೆಯ ಸಿಟಿ ಚರ್ಚಿಗೆ 1792ರಲ್ಲಿ ಜಾಗ ಕೊಟ್ಟವರು ಸವಾಯಿ ಮಾಧವರಾವ್ ಪೇಶ್ವೆ, ತಮ್ಮ ಸೈನ್ಯದ ಕ್ರೈಸ್ತರಿಗಾಗಿ.

ಈ ಕಾಗದಗಳು ಉಳಿದದ್ದು ಹೇಗೆ? ಇದು ನಮ್ಮ ಮನೆಯ ವಿಷಯ, ಕೇಳಿ. ಪೇಶ್ವೆ ರಾಜ್ಯ 1818ರಲ್ಲಿ ಮುಗಿಯಿತು. ಇಂಗ್ಲಿಷರಿಗೆ ಒಂದು ಚಿಂತೆ. ಇಷ್ಟೊಂದು ಭೂಮಿ ಇನಾಮು ಅಂತ ಹೇಳಿ ಕಂದಾಯ ಕೊಡುವುದಿಲ್ಲ, ಇದರಲ್ಲಿ ನಿಜ ಎಷ್ಟು? 1843ರಲ್ಲಿ ತನಿಖೆ ಶುರು ಮಾಡಿದರು. ಎಲ್ಲಿ? ಧಾರವಾಡ, ಬೆಳಗಾವಿಯ ಕಡೆ. 1852ರಲ್ಲಿ ಅದಕ್ಕೆ ಕಾಯ್ದೆಯೇ ಆಯಿತು. ಇನಾಮದಾರ ಸನದು, ಅಂದರೆ ದಾನದ ಪತ್ರ, ತೋರಿಸಬೇಕು. ತೋರಿಸಿದ ಸನದನ್ನು ಪುಣೆಯ ದಫ್ತರದ ಜೊತೆ ತಾಳೆ ನೋಡಬೇಕು. ತಾಳೆಯಾಗದಿದ್ದರೆ ಇನಾಮು ಹೋಯಿತು. ಎಷ್ಟೋ ಮನೆಗಳು ಹಾಳಾದವು. ಆ ಭಾಗದಲ್ಲಿ ಸಿಟ್ಟು ಒಳಗೊಳಗೇ ಕುದಿಯಿತು. 1858ರಲ್ಲಿ ನರಗುಂದದ ಅರಸ ಬಾಬಾಸಾಹೇಬರು ತಿರುಗಿ ಬೀಳುವ ಹೊತ್ತಿಗೆ, ದತ್ತಕ ತೆಗೆದುಕೊಳ್ಳಲು ಇಂಗ್ಲಿಷರು ಬಿಡದ ನೋವಿನ ಜೊತೆ ಈ ಸಿಟ್ಟೂ ಸುತ್ತಲ ಗಾಳಿಯಲ್ಲಿತ್ತು.

ವಿಚಿತ್ರ ನೋಡಿ. ಕಿತ್ತುಕೊಳ್ಳಲು ಸಾಕ್ಷಿ ಬೇಕು, ಸಾಕ್ಷಿಗೆ ಕಾಗದ ಬೇಕು. ಅದಕ್ಕಾಗಿ ಚೆಲ್ಲಾಪಿಲ್ಲಿಯಾಗಿದ್ದ ಕಾಗದವನ್ನೆಲ್ಲ ವಿಂಗಡಿಸಿ, ಪಟ್ಟಿ ಮಾಡಿ ಇಟ್ಟರು. ಆ ಕಾಗದ ಇರುವ ಕಲ್ಲಿನ ಕಟ್ಟಡಕ್ಕೆ ಆಗಿನ ಹೆಸರು ಏಲಿಯನೇಷನ್ ಆಫೀಸು. ಅಂದರೆ ಸರ್ಕಾರದ ಕೈಬಿಟ್ಟುಹೋದ ಕಂದಾಯದ ಕಚೇರಿ! ನಮ್ಮ ಹಳ್ಳಿಯ ಹನುಮಪ್ಪನ ಗುಡಿಯ ದೀಪದ ಎಣ್ಣೆ ಅವರ ಲೆಕ್ಕದಲ್ಲಿ ಕಳೆದುಹೋದ ಕಂದಾಯ. ನಾನು ಆ ಮೆಟ್ಟಿಲು ಹತ್ತುವಾಗಲೆಲ್ಲ ಇದು ನೆನಪಾಗುತ್ತದೆ. ಸಿಟ್ಟೂ ಬರುತ್ತದೆ, ಕಾಗದ ಉಳಿದದ್ದಕ್ಕೆ ಸಮಾಧಾನವೂ ಆಗುತ್ತದೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದು ನಿಮಿಷ. ಇಲ್ಲಿನ ಪರ್ವತಿ ಗುಡ್ಡದ ಬಗ್ಗೆ ಹೇಳಬೇಕಿತ್ತು. ನಾನಾಸಾಹೇಬ ಪೇಶ್ವೆಯವರು 1749ರಲ್ಲಿ ಕಟ್ಟಿಸಿದ ದೇವದೇವೇಶ್ವರ, ಕೆಳಗಿನ ರಮಣಾದಲ್ಲಿ, ಅಂದರೆ ಬಯಲಿನ ಆವರಣದಲ್ಲಿ, ಪಂಡಿತರಿಗೆ ಶ್ರಾವಣದ ದಕ್ಷಿಣೆ. ಕನ್ನಡ ನಾಡಿನಿಂದಲೂ ಪಂಡಿತರು ನಡೆದು ಬರುತ್ತಿದ್ದರು. ಇಂಗ್ಲಿಷರು ಅದೇ ದಕ್ಷಿಣೆಯ ದುಡ್ಡಿನಿಂದ 1821ರಲ್ಲಿ ವಿಶ್ರಾಮಬಾಗ್ ವಾಡೆಯಲ್ಲಿ ಸಂಸ್ಕೃತ ಪಾಠಶಾಲೆ ತೆರೆದರು. ಇವತ್ತಿನ ಡೆಕ್ಕನ್ ಕಾಲೇಜಿನ ಬೇರು ಅದೇ. ನ್ಯಾಯಮೂರ್ತಿ ರಾನಡೆಯವರು ಓದುವಾಗ ದಕ್ಷಿಣಾ ಫೆಲೋ ಆಗಿದ್ದರು. ಶ್ರಾವಣದ ದಾನ ಸ್ಕಾಲರ್‌ಶಿಪ್ ಆದದ್ದು ಹೇಗೆ ಅನ್ನುವುದಕ್ಕೇ ಒಂದು ಸಂಜೆ ಬೇಕು. ಪಂಢರಪುರದ ಗುಡಿಗೆ ದಾನ ಕೊಟ್ಟವರ ಪಟ್ಟಿಯಿರುವ ಚೌರ್ಯಾಂಶಿ ಶಾಸನ, ದೇವಸ್ಥಾನದ ಟ್ರಸ್ಟುಗಳಿಗೂ ಅನ್ವಯಿಸುವ 1950ರ ಕಾಯ್ದೆ, ಇವನ್ನು ಬಿಟ್ಟುಬಿಡುತ್ತೇನೆ.

ಒಂದನ್ನು ಮಾತ್ರ ಬಿಡುವುದಿಲ್ಲ. ಇತಿಹಾಸಕಾರ ವಿ. ಕಾ. ರಾಜವಾಡೆಯವರು ಊರೂರು ತಿರುಗಿ, ಮನೆ ಮನೆಯ ಅಟ್ಟದಿಂದ ಕಾಗದ ಇಳಿಸಿ 22 ಸಂಪುಟ ತಂದರು. ಸರ್ಕಾರದ ದಫ್ತರದಲ್ಲಿ ಇಲ್ಲದ್ದು ಜನರ ಅಟ್ಟದಲ್ಲಿತ್ತು. ಈಗಲೂ ಇದೆ. ದೀಪಾವಳಿಗೆ ಊರಿಗೆ ಹೋಗುತ್ತೀರಿ. ಅಟ್ಟ ಹತ್ತಿ ನೋಡಿ. ಗಂಟು ಸಿಕ್ಕರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ. ಮಡಿಕೆಯನ್ನು ಜೋರಾಗಿ ಬಿಡಿಸಬೇಡಿ. ಹರಿದದ್ದಕ್ಕೆ ಸೆಲೋ ಟೇಪ್ ಅಂತೂ ಹಚ್ಚಲೇಬೇಡಿ. ಸುಮ್ನೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಫೋಟೊ ತೆಗೆದು ನನಗೆ ಕಳಿಸಿ. ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ನಾಲ್ಕು ಜನ ಕೂತು ಓದುತ್ತೇವೆ. ಚಹಾ, ಅವಲಕ್ಕಿ ಇರುತ್ತದೆ. ಐದನೆಯವರಿಗೆ ಜಾಗ ಇದೆ.

ಅಜ್ಜಿಯ ಕಾಗದದ ದೊಡ್ಡ ಝೆರಾಕ್ಸ್ ಆ ಮೇಜಿನ ಮೇಲಿಟ್ಟಿದ್ದೇನೆ. ಪೂರ್ತಿ ಓದಿದ್ದೇನೆ, ಕೊನೆಯ ಸಾಲಿನ ಒಂದು ಶಬ್ದ ಬಿಟ್ಟು. "ಬ" ಇದೆ, ಆಮೇಲೆ "ತ" ಇರಬಹುದು, "ಟ" ಇರಬಹುದು. ಮರಾಠಿಯಲ್ಲಿ ಅರ್ಥವಾಗುತ್ತಿಲ್ಲ. ಬತ್ತಿಯೋ, ಬಟ್ಟಲೋ, ನಮ್ಮ ಕಡೆಯ ಇನ್ಯಾವುದೋ ಹಳೆಯ ಮಾತೋ. ಸವದತ್ತಿ, ರಾಮದುರ್ಗ, ನರಗುಂದದ ಕಡೆಯ ಹಿರಿಯರು ಯಾರಿದ್ದೀರಿ, ಕನ್ನಡಕ ಹಾಕಿಕೊಂಡು ಒಮ್ಮೆ ಮೇಜಿನ ಹತ್ತಿರ ಬನ್ನಿ.