ಕಡಂಗ ಎಂಬ ಕೋಟೆ

ಕೇಳುಗರಿಗೆ ನಮಸ್ಕಾರ. ತಡಿಯಂಡಮೋಳ್ ಬೆಟ್ಟ ಏರಲು ಕೊಡಗಿನ ಕಕ್ಕಬ್ಬೆಗೆ ಬಂದು, ನಾಲ್ಕುನಾಡು ಅರಮನೆಯ ಮುಂದೆ ಎರಡು ನಿಮಿಷವೂ ನಿಲ್ಲದೆ ಬೆಟ್ಟದತ್ತ ಓಡುವ ಯುವಮಿತ್ರರೊಡನೆ ಇಂದು ಒಂದೇ ಒಂದು ವಿಷಯ ಮಾತನಾಡಬೇಕೆಂದಿದ್ದೇನೆ.

ಕೊಡಗಿನ ಕೋಟೆ ಎಂದೊಡನೆ ಎಲ್ಲರೂ ಮಡಿಕೇರಿಯತ್ತ ಕೈ ತೋರಿಸುತ್ತಾರೆ. ಕೊಡಗಿನ ಅರಸ ಮುದ್ದುರಾಜನು 17ನೆಯ ಶತಮಾನದಲ್ಲಿ ಮಣ್ಣಿನಿಂದ ಕಟ್ಟಿಸಿದ, ಮುಂದೆ ಟಿಪ್ಪು ಸುಲ್ತಾನನು ಕಲ್ಲಿನಿಂದ ಬಲಪಡಿಸಿದ ಆ ಕೋಟೆ ನೋಡತಕ್ಕದ್ದೇ. ಗಾರೆಯ ಆನೆಗಳ ಪಕ್ಕ ನಿಂತು ಚಿತ್ರವನ್ನೂ ತೆಗೆಸಿಕೊಳ್ಳಿ. ಆದರೆ ಕೊಡಗಿನ ನಿಜವಾದ ಕೋಟೆ ಕಡಂಗ. ಆಳವಾದ ಕಂದಕ ತೋಡಿ, ತೆಗೆದ ಮಣ್ಣನ್ನು ಒಂದು ಬದಿಗೆ ಏರಿಯಾಗಿ ಪೇರಿಸಿ, ಗುಡ್ಡದಿಂದ ಗುಡ್ಡಕ್ಕೆ, ನಾಡಿನಿಂದ ನಾಡಿಗೆ ನಮ್ಮ ಹಿರಿಯರು ಎಳೆದ ಕಾವಲಿನ ಗೆರೆ ಅದು. ಏರಿ ಇರುವ ಬದಿ ಕಾಯುವವನದು, ಕಂದಕದ ಬದಿ ದಾಳಿಗೆ ಬರುವವನದು.

ಒಮ್ಮೆ ಡಿಸೆಂಬರಿನಲ್ಲಿ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಫಿ ತೋಟವೊಂದರ ಅಂಚಿನಲ್ಲಿ ನಡೆಯುತ್ತಿದ್ದೆ. ಎಲ್ಲರಿಗಿಂತ ಮುಂದಿದ್ದ ಹುಡುಗನೊಬ್ಬ ತರಗೆಲೆಯ ಮೇಲೆ ಕಾಲಿಟ್ಟವನೇ ಕಾಣೆಯಾದ. ಬಗ್ಗಿ ನೋಡಿದರೆ ಕೆಳಗೆ ಅವನ ಟೋಪಿ ಮಾತ್ರ ಕಾಣುತ್ತಿದೆ! ಪೆಟ್ಟೇನೂ ಆಗಿರಲಿಲ್ಲ; "ಸರ್, ಕೋಟೆ ಇನ್ನೂ ಎಷ್ಟು ದೂರ?" ಎಂದು ಅಲ್ಲಿಂದಲೇ ಕೇಳಿದ. "ಕೋಟೆಯೊಳಗೇ ಬಿದ್ದಿದ್ದೀಯಪ್ಪಾ, ಈಗ ಏರಿಯ ಕಡೆಯಿಂದ ಹತ್ತಿ ಬಾ" ಎಂದೆ. ಅವನು ಜರಿಗಿಡ ಹಿಡಿದರೆ ಬೇರುಸಹಿತ ಕೈಗೆ ಬರುತ್ತಿತ್ತು, ಬೂಟು ಊರಿದರೆ ಕೆಂಪು ಮಣ್ಣು ಜಾರುತ್ತಿತ್ತು. ಮೂರು ಸಲ ಜಾರಿದ ಮೇಲೆ ತೋಟದ ಯಜಮಾನರು ತಮ್ಮ ಹೆಗಲ ಮೇಲಿನ ಟವೆಲ್ಲನ್ನೇ ಇಳಿಬಿಟ್ಟು ಅವನನ್ನು ಎಳೆದುಕೊಂಡರು. ಅದುವರೆಗೆ ಅದನ್ನು ನೀರು ಹರಿಯುವ ಚರಂಡಿ ಎಂದುಕೊಂಡಿದ್ದ ಹುಡುಗರಿಗೆ, ಆ ಏರಿಯ ಮೇಲೆ ಟವೆಲ್ಲಿನ ಬದಲು ಕೋವಿ ಹಿಡಿದವನೊಬ್ಬ ನಿಂತಿದ್ದರೆ ಏನಾಗುತ್ತಿತ್ತೆಂದು ನಾನು ವಿವರಿಸಬೇಕಾಗಲಿಲ್ಲ.

ಕಥೆಯೇ ಹೆಚ್ಚಾಯಿತು, ನಾಲ್ಕುನಾಡಿಗೆ ಬರೋಣ. ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದ ಕೊಡಗಿನ ಅರಸ ದೊಡ್ಡವೀರರಾಜೇಂದ್ರನು 1792ರಲ್ಲಿ ಈ ಅರಮನೆಯನ್ನು ಕಾಡಿನ ನಡುವೆ, ಬೆಟ್ಟದ ಬುಡದಲ್ಲಿ ಕಟ್ಟಿಸಿದನು. 1834ರಲ್ಲಿ ಬ್ರಿಟಿಷ್ ಸೇನೆ ಬಂದಾಗ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನು ಆಶ್ರಯ ಪಡೆದದ್ದೂ ಇಲ್ಲಿಯೇ. ಇಲ್ಲಿ ಎತ್ತರದ ಕೋಟೆಗೋಡೆಯನ್ನು ಹುಡುಕಿ ನಿರಾಶರಾಗುವವರಿಗೆ ಮತ್ತೆ ಅದೇ ಮಾತು ಹೇಳುತ್ತೇನೆ: ಕಾಡು, ಮಳೆ, ಕಡಂಗ, ಇವೇ ಗೋಡೆ.

1748 ಮೀಟರ್ ಎತ್ತರದ ತಡಿಯಂಡಮೋಳ್ ಶಿಖರದ ದಾರಿಯನ್ನು ವಿವರಿಸಲು ಸಮಯ ಉಳಿದಿಲ್ಲ. ಬೆಳಿಗ್ಗೆ ಬೇಗ ಹೊರಡಿ, ಜಿಗಣೆಗೆ ಉಪ್ಪು ಕಟ್ಟಿಕೊಳ್ಳಿ, ಮಂಜು ಕವಿಯುವ ಮೊದಲು ಇಳಿಯಿರಿ. ದಾರಿಯಲ್ಲಿ ಕಂದಕವೊಂದು ಅಡ್ಡ ಬಂದರೆ, ದಾಟುವ ಮುನ್ನ ದಯವಿಟ್ಟು ಏರಿ ಯಾವ ಬದಿಗಿದೆಯೆಂದು ನೋಡಿ. ನಮಸ್ಕಾರ.